ಮೇಲೆ ಫ್ರೀಜರ್‌ನಲ್ಲಿ ಐಸ್ ಇದೆ, ಕೆಳಗೆ ತಂಪಿಲ್ಲ: ಗ್ಯಾಸ್ ಹೋಗಿದೆಯೋ, ಡಿಫ್ರಾಸ್ಟ್ ಕೆಟ್ಟಿದೆಯೋ?

ತಣ್ಣೀರು

ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್. ಫ್ರೀಜರ್ ಮೇಲಿದೆ. ಇನ್ವರ್ಟರ್ ಅಲ್ಲ, ಒಳಗೆ ತಿರುಗಿಸುವ ಗುಂಡಿ ಇರುವ ಮಾದರಿ. ಒಂಬತ್ತು ವರ್ಷ ಹಳೆಯದು.

ಐದು ದಿನದಿಂದ ಕೆಳಭಾಗ ತಂಪಾಗುತ್ತಿಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಕೆಳಗೆ ಇಟ್ಟಿದ್ದೆ, ಬೆಳಿಗ್ಗೆ 14 ಡಿಗ್ರಿ ಇತ್ತು. ಫ್ರೀಜರ್‌ನಲ್ಲಿ ಪೊಟ್ಟಣಗಳ ನಡುವೆ ಇಟ್ಟಾಗ ಮೈನಸ್ 10. ಕಂಪ್ರೆಸರ್ ನಿಲ್ಲುವುದೇ ಇಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ವ್ಯತ್ಯಾಸ ಕಾಣಲಿಲ್ಲ. ರಿಪೇರಿಯವರು ಬಂದು ಹಿಂಭಾಗ ಮುಟ್ಟಿ ನೋಡಿ "ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು" ಎಂದರು. ಒಳಗೆ ಏನನ್ನೂ ಬಿಚ್ಚಿ ನೋಡಲಿಲ್ಲ. ನನ್ನ ಬಳಿ ಮಲ್ಟಿಮೀಟರ್ ಇದೆ, ಬಳಸಲು ಬರುತ್ತದೆ. ಗ್ಯಾಸ್ ತುಂಬಿಸುವ ಮೊದಲು ಏನು ನೋಡಲಿ?

ಕಂಡೆನ್ಸರ್

ಗ್ಯಾಸ್ ವಿಷಯ ಸದ್ಯಕ್ಕೆ ಬಿಡಿ. ಫ್ರೀಜರ್‌ನ ಹಿಂದಿನ ಪ್ಯಾನೆಲ್ ಬಿಚ್ಚಿ ಕಾಯಿಲ್ ನೋಡದೆ "ಗ್ಯಾಸ್ ಹೋಗಿದೆ" ಎಂದು ಯಾರು ಹೇಳಿದರೂ ಅದು ಊಹೆಯೇ.

ಈ ಮಾದರಿಯ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಒಂದೇ ಜಾಗದಲ್ಲಿ, ಫ್ರೀಜರ್‌ನ ಹಿಂಗೋಡೆಯ ಮರೆಯಲ್ಲಿರುವ ಕಾಯಿಲ್‌ನಲ್ಲಿ. ಅಲ್ಲಿನ ಒಂದು ಫ್ಯಾನ್ ಆ ಗಾಳಿಯನ್ನು ಫ್ರೀಜರ್‌ಗೆ ಊದುತ್ತದೆ, ಅದರಲ್ಲೇ ಒಂದು ಪಾಲು ಗಾಳಿ ಕೊಳವೆಯ ಮೂಲಕ ಕೆಳಗೆ ಇಳಿಯುತ್ತದೆ. ಕೆಳಭಾಗಕ್ಕೆ ಅದರದೇ ಆದ ಕಾಯಿಲ್ ಇಲ್ಲ. ಹಾಗಾಗಿ ಗಾಳಿಯ ಓಡಾಟ ಎಲ್ಲೇ ಕಟ್ಟಿಕೊಂಡರೂ ಮೊದಲು ಬಿಸಿಯಾಗುವುದು ಕೆಳಭಾಗ. ಫ್ರೀಜರ್ ಕಾಯಿಲ್‌ಗೆ ಅಂಟಿಕೊಂಡೇ ಇರುವುದರಿಂದ ಇನ್ನೂ ಕೆಲವು ದಿನ ತಳ್ಳಿಕೊಂಡು ಹೋಗುತ್ತದೆ. ನಿಮ್ಮ 14 ಮತ್ತು ಮೈನಸ್ 10 ಸರಿಯಾಗಿ ಇದೇ ಚಿತ್ರ.

ಬಿಚ್ಚುವ ಮೊದಲು ಮೂರು ಸಂಗತಿ ತಿಳಿಸಿ.

ಫ್ರೀಜರ್ ಬಾಗಿಲು ತೆರೆದು, ಬಾಗಿಲು ಒತ್ತುವ ಸ್ವಿಚ್ಚನ್ನು ಬೆರಳಿನಿಂದ ಅದುಮಿ ಹಿಡಿಯಿರಿ. ಫ್ಯಾನ್ ಸದ್ದು ಕೇಳುತ್ತದೆಯೇ, ಕಿಂಡಿಯಿಂದ ಗಾಳಿ ಬರುತ್ತದೆಯೇ? ಬಾಗಿಲು ತೆರೆದಾಗ ಫ್ಯಾನ್ ನಿಲ್ಲುವುದು ಸಹಜ, ಅದಕ್ಕೇ ಸ್ವಿಚ್ ಅದುಮಬೇಕು.

ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಮೇಲೆ ಹಿಮ ಕಟ್ಟಿದೆಯೇ? ಪ್ಯಾನೆಲ್ ಉಬ್ಬಿದಂತೆ ಕಾಣುತ್ತದೆಯೇ?

ಬಾಗಿಲ ರಬ್ಬರ್ ಸರಿಯಾಗಿ ಹಿಡಿಯುತ್ತಿದೆಯೇ? ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ಬಿಗಿ ಇರಬೇಕು. ನಾಲ್ಕೂ ಕಡೆ ನೋಡಿ, ಹಿಂಜಿನ ಬದಿಯನ್ನು ಮರೆಯಬೇಡಿ. ರಬ್ಬರ್ ಮುದುಡುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು ಮಾತು. 14 ಡಿಗ್ರಿಯಲ್ಲಿ ಐದು ದಿನ ಇದ್ದ ಹಾಲು, ಬೇಯಿಸಿದ ಪದಾರ್ಥ, ಮಾಂಸ, ಮೀನು ಯಾವುದನ್ನೂ ಉಳಿಸಿಕೊಳ್ಳಬೇಡಿ. ಫ್ರಿಜ್ 5 ಡಿಗ್ರಿಯ ಒಳಗಿರಬೇಕು, ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿ. ವಾಸನೆ ನೋಡಿ ತೀರ್ಮಾನ ಮಾಡಬೇಡಿ, ಕಾಯಿಲೆ ತರುವ ಸೂಕ್ಷ್ಮಜೀವಿಗಳಿಗೆ ವಾಸನೆ ಇರಲೇಬೇಕೆಂದಿಲ್ಲ.

ತಣ್ಣೀರು

ಫ್ಯಾನ್ ತಿರುಗುತ್ತಿದೆ, ಆದರೆ ಕಿಂಡಿಯಲ್ಲಿ ಗಾಳಿ ಬಹಳ ಕಡಿಮೆ. ನಡುನಡುವೆ ಏನೋ ಉಜ್ಜಿದಂತೆ ಗರಗರ ಸದ್ದು. ಹಿಂದಿನ ಪ್ಯಾನೆಲ್‌ನ ಕೆಳ ಅರ್ಧದಲ್ಲಿ ಹಿಮದ ಪದರ ಇದೆ. ರಬ್ಬರ್ ಎಲ್ಲ ಕಡೆ ಬಿಗಿಯಾಗಿದೆ.

ಕಂಡೆನ್ಸರ್

ಗರಗರ ಸದ್ದು ಫ್ಯಾನ್ ರೆಕ್ಕೆ ಐಸಿಗೆ ತಾಗುವುದರಿಂದ. ಈಗ ಪ್ಯಾನೆಲ್ ಬಿಚ್ಚಿ. ಪ್ಲಗ್ ಕಿತ್ತ ಮೇಲೆ ಮಾತ್ರ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಕೈಗವಸು ಹಾಕಿಕೊಳ್ಳಿ, ಕಾಯಿಲ್‌ನ ಅಲ್ಯೂಮಿನಿಯಂ ಪಟ್ಟಿಗಳು ಬ್ಲೇಡಿನಷ್ಟೇ ಹರಿತ. ಸ್ಕ್ರೂಗಳು ಕೆಲವೊಮ್ಮೆ ಪ್ಲಾಸ್ಟಿಕ್ ಬಿಲ್ಲೆಯ ಕೆಳಗೆ ಅಡಗಿರುತ್ತವೆ. ಪ್ಯಾನೆಲ್ ಐಸಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಸೀಳುತ್ತದೆ. ಬಟ್ಟೆಯ ಮೇಲೆ ಒಂದು ಪಾತ್ರೆ ಬಿಸಿನೀರು ಇಟ್ಟು ಬಾಗಿಲು ಮುಚ್ಚಿ ಹತ್ತು ನಿಮಿಷ ಬಿಡಿ.

ಕಾಯಿಲ್ ಕಂಡ ತಕ್ಷಣ ಏನನ್ನೂ ಕರಗಿಸದೆ ಮೊದಲು ಒಂದು ಫೋಟೋ ತೆಗೆದಿಡಿ. ಇಡೀ ತೀರ್ಮಾನ ಆ ಹಿಮದ ಆಕಾರದಲ್ಲಿದೆ.

ಕಾಯಿಲ್ ಪೂರ್ತಿ, ಮೇಲಿನಿಂದ ಕೆಳಗಿನವರೆಗೆ ದಪ್ಪ ಬಿಳಿ ಹಿಮದಲ್ಲಿ ಹೂತುಹೋಗಿದ್ದರೆ ಗ್ಯಾಸ್ ಚೆನ್ನಾಗಿ ಓಡುತ್ತಿದೆ, ಡಿಫ್ರಾಸ್ಟ್ ಆಗುತ್ತಿಲ್ಲ, ಅಂದರೆ ಕಟ್ಟಿದ ಹಿಮ ಆಗಾಗ ತಾನಾಗಿ ಕರಗುತ್ತಿಲ್ಲ. ಗ್ಯಾಸ್ ಒಳಬರುವ ತುದಿಯ ಒಂದೆರಡು ಸುತ್ತಿನಲ್ಲಿ ಮಾತ್ರ ಹಿಮ ಇದ್ದು ಉಳಿದ ಕಾಯಿಲ್ ಒಣಗಿ ಬರಿದಾಗಿದ್ದರೆ ಗ್ಯಾಸ್ ಸೋರಿದೆ ಅಥವಾ ಕಾಯಿಲ್‌ಗೆ ಗ್ಯಾಸ್ ತರುವ ಸಣ್ಣ ಕ್ಯಾಪಿಲರಿ ಕೊಳವೆ ಕಟ್ಟಿದೆ. ಹಿಮವೇ ಇಲ್ಲದೆ ಕಂಪ್ರೆಸರ್ ಓಡುತ್ತಿದ್ದರೆ ಗ್ಯಾಸ್ ಪೂರ್ತಿ ಹೋಗಿದೆ, ಇಲ್ಲವೇ ಕಂಪ್ರೆಸರ್ ಒತ್ತುತ್ತಿಲ್ಲ. ಹಗುರ ಹಿಮ ಸಮನಾಗಿ ಕೂತಿದ್ದು ಫ್ಯಾನ್ ನಿಂತಿದ್ದರೆ ದೋಷ ಫ್ಯಾನ್‌ನದು.

ತಣ್ಣೀರು

ಬಿಚ್ಚಿದೆ. ಕಾಯಿಲ್ ಕಾಣಿಸುತ್ತಲೇ ಇಲ್ಲ! ಒಂದು ಬಿಳಿ ಗೋಡೆಯಂತಿದೆ, ಫ್ಯಾನ್‌ವರೆಗೆ ಹಬ್ಬಿದೆ. ಚಾಕುವಿನಿಂದ ಕೆರೆದು ತೆಗೆಯಬಹುದೇ?

ಸೋಲ್ಡರ್ ಕಡ್ಡಿ

ಚಾಕು, ಸ್ಕ್ರೂಡ್ರೈವರ್, ಮೊಳೆ ಯಾವುದೂ ಬೇಡ. ಆ ಹಿಮದೊಳಗೆ ಇರುವುದು ತೆಳ್ಳನೆಯ ಅಲ್ಯೂಮಿನಿಯಂ ಕೊಳವೆ. ಒಂದು ಚುಚ್ಚು ಬಿದ್ದರೆ ಡಿಫ್ರಾಸ್ಟ್ ದೋಷ ಹೋಗಿ ನಿಜವಾಗಿಯೂ ಗ್ಯಾಸ್ ಸೋರಿಕೆಯೇ ಆಗುತ್ತದೆ. ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಆರ್ 600ಎ ಎಂದಿದ್ದರೆ ಅದು ಐಸೋಬ್ಯೂಟೇನ್, ಉರಿಯುವ ಅನಿಲ. ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ, ಆದ್ದರಿಂದ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ.

ಮತ್ತೆ ಒಂದು ವಿಷಯ: ಕರಗಿಸುವ ಮೊದಲೇ ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಕರಗಿದ ಮೇಲೆ ಅದೇ ಪರೀಕ್ಷೆಗೆ ಉಪ್ಪು-ಐಸಿನ ಸರ್ಕಸ್ ಮಾಡಬೇಕಾಗುತ್ತದೆ.

ಡಿಫ್ರಾಸ್ಟ್ ಕೆಲಸ ಮಾಡುವ ಬಗೆ ಇದು. ಯಾಂತ್ರಿಕ ಟೈಮರ್ ಇರುವ ಫ್ರಿಜ್‌ಗಳಲ್ಲಿ ಸುಮಾರು 6ರಿಂದ 12 ಗಂಟೆಗೊಮ್ಮೆ ಟೈಮರ್ ಕಂಪ್ರೆಸರ್ ನಿಲ್ಲಿಸಿ ಹೀಟರ್‌ಗೆ ಕರೆಂಟ್ ಕೊಡುತ್ತದೆ. ಆ ಕರೆಂಟ್ ಬೈಮೆಟಲ್ (ಉಷ್ಣತೆಗೆ ತಕ್ಕಂತೆ ತಾನಾಗಿ ಕೂಡುವ, ಬಿಡುವ ಸ್ವಿಚ್) ಮತ್ತು ಥರ್ಮಲ್ ಫ್ಯೂಸ್ ದಾಟಿ ಹೀಟರ್‌ಗೆ ಹೋಗಬೇಕು. ಎಲ್ಲವೂ ಒಂದರ ಹಿಂದೆ ಒಂದು, ಸರಣಿಯಲ್ಲಿವೆ. ಕಾಯಿಲ್ ತಣ್ಣಗಿದ್ದಾಗ ಬೈಮೆಟಲ್ ಕೂಡಿಕೊಂಡಿರುತ್ತದೆ. ಹಿಮ ಕರಗಿ ಕಾಯಿಲ್ ಸುಮಾರು 10 ಡಿಗ್ರಿ ದಾಟಿದಾಗ ಬಿಟ್ಟುಕೊಂಡು ಹೀಟರ್ ಆರಿಸುತ್ತದೆ. ಬೈಮೆಟಲ್ ಬಿಟ್ಟುಕೊಳ್ಳದೆ ಕಾಯಿಲ್ ಕಾದುಹೋದರೆ 70 ಡಿಗ್ರಿಯ ಆಸುಪಾಸಿನಲ್ಲಿ ಥರ್ಮಲ್ ಫ್ಯೂಸ್ ಸುಟ್ಟು ಕರೆಂಟ್ ಕಡಿದು ಕಾಪಾಡುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಹೀಟರ್ ಹೊತ್ತುವುದಿಲ್ಲ, ದಿನದಿನವೂ ಹಿಮ ಬೆಳೆಯುತ್ತದೆ.

ಪ್ಲಗ್ ಕಿತ್ತಿರುವಾಗಲೇ, ಹಿಮ ಇನ್ನೂ ಗಟ್ಟಿಯಾಗಿರುವಾಗಲೇ ಬೈಮೆಟಲ್‌ನ ಎರಡು ವೈರು ಬರುವ ಕನೆಕ್ಟರ್ ಬಿಡಿಸಿ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಬರಬೇಕು. ಕನೆಕ್ಟರ್ ಬಿಡಿಸದೆ ಅಳೆದರೆ ಬೇರೆ ದಾರಿಯಿಂದ ಸುತ್ತಿ ಬರುವ ರೀಡಿಂಗ್ ನಿಮ್ಮನ್ನು ಮೋಸ ಮಾಡುತ್ತದೆ.

ತಣ್ಣೀರು

ಕ್ಷಮಿಸಿ, ಇದನ್ನು ಓದುವಷ್ಟರಲ್ಲಿ ಬಾಗಿಲು ತೆರೆದಿಟ್ಟು ಅರ್ಧ ದಿನ ಆಗಿತ್ತು, ಎಲ್ಲ ಕರಗಿದೆ. ಮೂರನ್ನೂ ಬಿಡಿಸಿ ಅಳೆದೆ. ಹೀಟರ್ 292 ಓಮ್. ಥರ್ಮಲ್ ಫ್ಯೂಸ್ 0.3 ಓಮ್. ಬೈಮೆಟಲ್ ಪೂರ್ತಿ ಓಪನ್, ಅಂದರೆ ಕರೆಂಟ್ ಹಾಯುವ ದಾರಿಯೇ ಇಲ್ಲ. ಹಾಗಾದರೆ ಬೈಮೆಟಲ್ ಹೋಗಿದೆ ಅಂತಲೇ?

ಸೋಲ್ಡರ್ ಕಡ್ಡಿ

ಇಲ್ಲ, ಹಾಗೆ ಹೇಳುವಂತಿಲ್ಲ. ಕೋಣೆಯ ಬಿಸಿಯಲ್ಲಿ ಒಳ್ಳೆಯ ಬೈಮೆಟಲ್ ಕೂಡ ಓಪನ್ ಆಗಿಯೇ ಇರುತ್ತದೆ. ಇಲ್ಲಿ ಎಡವಿ ಒಳ್ಳೆಯ ಭಾಗವನ್ನು ಬಿಸಾಡುವವರು ಬಹಳ.

ಹೀಟರ್ ಸರಿಯಿದೆ. ಲೆಕ್ಕ ಸುಲಭ: ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವಾಟ್ ಸಿಗುತ್ತದೆ. 230 ಗುಣಿಸು 230 ಅಂದರೆ 52,900. ಅದನ್ನು 292ರಿಂದ ಭಾಗಿಸಿದರೆ 181 ವಾಟ್. ಹೀಟರ್ ಮೇಲೆ ಅಥವಾ ಫ್ರಿಜ್‌ನ ಹಿಂದಿನ ಚೀಟಿಯಲ್ಲಿ ಡಿಫ್ರಾಸ್ಟ್ ವಾಟ್ ಬರೆದಿದ್ದರೆ ಹೋಲಿಸಿ. ಹೀಟರ್‌ನ ಒಂದು ತುದಿಗೂ ಅದರ ಲೋಹದ ಕವಚಕ್ಕೂ ನಡುವೆ ಕೂಡ ಅಳೆಯಿರಿ, ಅಲ್ಲಿ ಓಪನ್ ಇರಬೇಕು. ಏನಾದರೂ ಓಮ್ ತೋರಿಸಿದರೆ ಒಳಗೆ ತೇವ ಸೇರಿದೆ, ಫ್ರಿಜ್‌ನ ಮೈ ಮುಟ್ಟಿದರೆ ಶಾಕ್ ಹೊಡೆಯಬಹುದು. ಓಮ್ ಸರಿಯಿದ್ದರೂ ಅಂಥ ಹೀಟರನ್ನು ಬದಲಿಸಲೇಬೇಕು.

ಬೈಮೆಟಲ್ ಪರೀಕ್ಷೆಗೆ ಪುಡಿ ಮಾಡಿದ ಐಸ್ ಮೂರು ಪಾಲು, ಉಪ್ಪು ಒಂದು ಪಾಲು ಕಲಸಿ. ಮಿಶ್ರಣ ಮೈನಸ್ 15ರ ಹತ್ತಿರ ಇಳಿಯುತ್ತದೆ. ಥರ್ಮಾಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ಬರೀ ಐಸ್ ಸಾಲದು, ಏಕೆಂದರೆ ಸಾಮಾನ್ಯವಾಗಿ ಬೈಮೆಟಲ್ ಕೂಡಿಕೊಳ್ಳುವುದು ಸೊನ್ನೆಗಿಂತ ಕೆಳಗೆ, ಮೈನಸ್ 5ರ ಆಸುಪಾಸಿನಲ್ಲಿ. ಬೈಮೆಟಲನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಾಯಿ ಕಟ್ಟಿ, ಉಪ್ಪುನೀರು ಒಳಹೊಕ್ಕರೆ ಪರೀಕ್ಷೆಯೇ ಅದನ್ನು ಕೆಡಿಸುತ್ತದೆ. ಹತ್ತು ನಿಮಿಷ ಹೂತಿಟ್ಟು, ಹೊರತೆಗೆಯದೆ ಅಲ್ಲಿಯೇ ಅಳೆಯಿರಿ.

ಅದರ ಮೈಯನ್ನೂ ನೋಡಿ. ಉಬ್ಬಿದ್ದರೆ, ಮುಚ್ಚಳ ಬಿರುಕು ಬಿಟ್ಟಿದ್ದರೆ, ವೈರು ಹೊರಬರುವಲ್ಲಿ ಹಸಿರು ಕಿಲುಬು ಕಂಡರೆ ಪರೀಕ್ಷೆಯೂ ಬೇಡ, ಒಳಗೆ ನೀರು ಹೋಗಿ ಹೆಪ್ಪುಗಟ್ಟಿ ಸೀಳಿರುತ್ತದೆ.

ಮೂರನೇ ಪಿನ್

ಟೈಮರನ್ನು ಪರೀಕ್ಷಿಸುವ ಬಗೆ ಯಾರೂ ಹೇಳಿಲ್ಲ, ಅದನ್ನೂ ಸೇರಿಸುತ್ತೇನೆ. ಟೈಮರ್ ಹೆಚ್ಚಾಗಿ ಕೆಳಗೆ ಕಂಪ್ರೆಸರ್ ಬಳಿ, ಇಲ್ಲವೇ ಒಳಗಿನ ಗುಂಡಿಯ ಪೆಟ್ಟಿಗೆಯಲ್ಲಿ ಇರುತ್ತದೆ. ಅದರಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳಿರುವ ಒಂದು ಗುಂಡಿ ಇದೆ. ಪ್ರದಕ್ಷಿಣೆಯಾಗಿ ನಿಧಾನಕ್ಕೆ ತಿರುಗಿಸಿದರೆ ಒಂದು ಕಡೆ ಟಿಕ್ ಎನ್ನುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಅದೇ ಡಿಫ್ರಾಸ್ಟ್ ಸ್ಥಾನ. ಹಿಂದಕ್ಕೆ ತಿರುಗಿಸಬೇಡಿ, ಹಲ್ಲು ಮುರಿಯುತ್ತದೆ.

ಟೈಮರ್ ಮೋಟರ್ ಕೆಟ್ಟಿದೆಯೇ ಎಂದು ತಿಳಿಯಲು ಗುಂಡಿಯ ಮೇಲೆ ಪೆನ್ಸಿಲ್ ಗುರುತು ಹಾಕಿ, ಕಂಪ್ರೆಸರ್ ಎರಡು ಮೂರು ಗಂಟೆ ಓಡಿದ ಮೇಲೆ ನೋಡಿ. ಗುರುತು ಸರಿದಿರಬೇಕು. ಆದರೆ ಇಲ್ಲೊಂದು ತಿರುವಿದೆ. ಕೆಲವು ವೈರಿಂಗ್‌ಗಳಲ್ಲಿ ಟೈಮರ್ ಮೋಟರ್‌ಗೆ ನ್ಯೂಟ್ರಲ್ ಸಿಗುವುದೇ ಹೀಟರ್ ಮತ್ತು ಥರ್ಮಲ್ ಫ್ಯೂಸ್ ಮೂಲಕ. ಅಂಥದ್ದರಲ್ಲಿ ಫ್ಯೂಸ್ ಸುಟ್ಟರೆ ಟೈಮರ್ ಕೂಡ ನಿಂತುಬಿಡುತ್ತದೆ. ಟೈಮರ್ ಬದಲಿಸಿದರೂ ಓಡುವುದಿಲ್ಲ, ಹೊಸದೂ ಕೆಟ್ಟಿದೆ ಎಂದುಕೊಂಡು ಇನ್ನೊಂದು ತರುತ್ತಾರೆ. ಫ್ರಿಜ್‌ನ ಹಿಂದೆ ಅಂಟಿಸಿರುವ ವೈರಿಂಗ್ ಚಿತ್ರವನ್ನು ನೋಡಿಯೇ ಮುಂದುವರಿಯಿರಿ.

ಪ್ಲಗ್‌ಗೆ ಹಾಕುವ ವಾಟ್‌ಮೀಟರ್ ಇದ್ದರೆ ಏನೂ ಬಿಚ್ಚದೆ ಅರ್ಧ ಉತ್ತರ ಸಿಗುತ್ತದೆ. ಕಾಯಿಲ್‌ನಲ್ಲಿ ಹಿಮ ಇರುವಾಗ ಟೈಮರನ್ನು ಡಿಫ್ರಾಸ್ಟ್‌ಗೆ ತಿರುಗಿಸಿ. ಮೀಟರ್ ಹೀಟರ್‌ನ ವಾಟ್ ತೋರಿಸಿದರೆ ಸರಪಳಿ ಪೂರ್ತಿ ಸರಿ, ಟೈಮರ್ ತಾನಾಗಿ ತಿರುಗುತ್ತಿಲ್ಲ. ಒಂದೆರಡು ವಾಟ್‌ನಲ್ಲೇ ನಿಂತರೆ ಬೈಮೆಟಲ್, ಫ್ಯೂಸ್, ಹೀಟರ್ ಮೂರರಲ್ಲಿ ಒಂದು ಹೋಗಿದೆ.

ತಣ್ಣೀರು

ಉಪ್ಪು-ಐಸಿನಲ್ಲಿ ಮೈನಸ್ 14 ಬಂತು. ಹದಿನೈದು ನಿಮಿಷ ಇಟ್ಟೆ. ಬೈಮೆಟಲ್ ಕೂಡಿಕೊಳ್ಳಲಿಲ್ಲ, ಓಪನ್ ಆಗಿಯೇ ಇದೆ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕೂ ಕಂಡಿತು. ಹೀಟರ್‌ನಿಂದ ಕವಚಕ್ಕೆ ಓಪನ್. ಪೆನ್ಸಿಲ್ ಗುರುತು ಫ್ರಿಜ್ ಜೋಡಿಸಿದ ಮೇಲೆ ನೋಡುತ್ತೇನೆ. ಹೊಸ ಬೈಮೆಟಲ್ ಬರುವವರೆಗೆ ಎರಡು ವೈರು ನೇರ ಸೇರಿಸಿ ನಡೆಸಬಹುದೇ?

ಸೋಲ್ಡರ್ ಕಡ್ಡಿ

ಬೇಡ. ಬೈಮೆಟಲ್ ಇಲ್ಲದೆ ಹೀಟರನ್ನು ನಿಲ್ಲಿಸಲು ಟೈಮರ್ ಒಂದೇ ಉಳಿಯುತ್ತದೆ. ಹಿಮ ಹತ್ತು ನಿಮಿಷದಲ್ಲಿ ಕರಗಿದರೂ ಹೀಟರ್ ಟೈಮರ್‌ನ ಅವಧಿ ಮುಗಿಯುವವರೆಗೆ, ಅಂದರೆ ಇಪ್ಪತ್ತು ಮೂವತ್ತು ನಿಮಿಷ, ಬರಿ ಕಾಯಿಲನ್ನು ಕಾಯಿಸುತ್ತಲೇ ಇರುತ್ತದೆ. ಸುತ್ತ ಇರುವುದು ಪ್ಲಾಸ್ಟಿಕ್ ಮತ್ತು ಥರ್ಮೋಕೋಲ್. ಥರ್ಮಲ್ ಫ್ಯೂಸನ್ನಂತೂ ಯಾವ ಕಾರಣಕ್ಕೂ, ಒಂದು ದಿನಕ್ಕೂ, ನೇರ ಸೇರಿಸಬೇಡಿ. ಮನೆ ಸುಡದಂತೆ ಕಾಯುವ ಕೊನೆಯ ಕಾವಲು ಅದು. ಪೂರ್ತಿ ಕರಗಿಸಿದ ಫ್ರಿಜ್ ಡಿಫ್ರಾಸ್ಟ್ ಇಲ್ಲದೆಯೂ ಒಂದು ವಾರ ಸರಿಯಾಗಿ ನಡೆಯುತ್ತದೆ, ಅಷ್ಟರಲ್ಲಿ ಭಾಗ ತಂದುಕೊಳ್ಳಿ.

ಅನೇಕರು ಮೋಸ ಹೋಗುವುದೂ ಈ ಒಂದು ವಾರದಿಂದಲೇ. ಕರಗಿಸಿದ ಮೇಲೆ ತಂಪಾಯಿತು, ರಿಪೇರಿ ಆಯಿತು ಎಂದುಕೊಳ್ಳುತ್ತಾರೆ. ಎಂಟು ಹತ್ತು ದಿನಕ್ಕೆ ಮತ್ತೆ ಅದೇ ಕಥೆ. ಗ್ಯಾಸ್ ತುಂಬಿಸಿದಾಗಲೂ ಇದೇ ಆಗುತ್ತದೆ: ಆ ಕೆಲಸದ ನಡುವೆ ಫ್ರಿಜ್ ಗಂಟೆಗಟ್ಟಲೆ ಆರಿರುತ್ತದೆ, ಹಿಮ ಕರಗುತ್ತದೆ, ಕೀರ್ತಿ ಗ್ಯಾಸಿಗೆ ಹೋಗುತ್ತದೆ.

ಹೊಸ ಬೈಮೆಟಲ್ ತರುವಾಗ ಹಳೆಯದರ ಮೈಮೇಲಿನ ಸಂಖ್ಯೆಯನ್ನು ಹೋಲಿಸಿ. ನೋಡಲು ಒಂದೇ ಥರ ಇದ್ದರೂ ಬಿಟ್ಟುಕೊಳ್ಳುವ ಉಷ್ಣತೆ ಬೇರೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಬೈಮೆಟಲ್ ಮತ್ತು ಥರ್ಮಲ್ ಫ್ಯೂಸ್ ಒಂದೇ ಜೋಡಿಯಾಗಿ ಬರುತ್ತವೆ, ಆಗ ಎರಡನ್ನೂ ಬದಲಿಸಿ. ಹಳೆಯದು ಕೂತಿದ್ದ ಕೊಳವೆಯ ಅದೇ ಜಾಗಕ್ಕೆ, ಅದೇ ಮುಖವಾಗಿ ಕ್ಲಿಪ್ ಮಾಡಿ. ಹೀಟರ್‌ಗೆ ಹತ್ತಿರ ಸರಿದರೆ ಬೇಗ ಬಿಟ್ಟುಕೊಂಡು ಮೇಲಿನ ಹಿಮ ಹಾಗೇ ಉಳಿಯುತ್ತದೆ. ವೈರು ಜೋಡಿಸಬೇಕಾಗಿ ಬಂದರೆ ಬರೀ ಟೇಪ್ ಸುತ್ತಬೇಡಿ, ದಿನಕ್ಕೆ ಎರಡು ಮೂರು ಸಲ ನೆನೆದು ಹೆಪ್ಪುಗಟ್ಟುವ ಜಾಗ ಅದು. ಒತ್ತಿ ಕೂಡಿಸುವ ಕನೆಕ್ಟರ್ ಹಾಕಿ, ಅಂಟು ಇರುವ ಶಾಖಕ್ಕೆ ಕುಗ್ಗುವ ಕೊಳವೆ ಏರಿಸಿ, ನೀರು ಒಳಗೆ ಇಳಿಯದಂತೆ ಜೋಡಣೆ ಮೇಲಿರಲಿ, ವೈರು ಕೆಳಮುಖವಾಗಿ ಹೊರಬರಲಿ.

ಕಂಡೆನ್ಸರ್

ಪ್ಯಾನೆಲ್ ಮುಚ್ಚುವ ಮೊದಲು ಇನ್ನೆರಡು ಕೆಲಸ.

ಕಾಯಿಲ್‌ನ ಕೆಳಗೆ ನೀರು ಇಳಿಯುವ ತೂತು ಇದೆ. ಸಿರಿಂಜಿನಿಂದ ಒಂದು ಲೋಟ ಬೆಚ್ಚಗಿನ ನೀರು ಬಿಡಿ. ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ನೀರು ಬೀಳುವ ಸದ್ದು ಕೇಳಬೇಕು. ಇಲ್ಲದಿದ್ದರೆ ಕೊಳವೆಯೊಳಗೆ ಐಸ್ ಇದೆ, ಇಳಿಯುವವರೆಗೆ ಬೆಚ್ಚಗಿನ ನೀರು ಬಿಡುತ್ತಿರಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಇದನ್ನು ಬಿಟ್ಟರೆ ಹೊಸ ಬೈಮೆಟಲ್ ಹಾಕಿದ ಮೇಲೂ ಕರಗಿದ ನೀರು ತಳದಲ್ಲೇ ನಿಂತು ಹೆಪ್ಪುಗಟ್ಟಿ ಮತ್ತೆ ಗಾಳಿ ಕಟ್ಟುತ್ತದೆ.

ಕೆಳಗೆ ಇಳಿಯುವ ಗಾಳಿ ಕೊಳವೆ ಥರ್ಮೋಕೋಲ್ ಒಳಗೆ ಹಾದುಹೋಗುತ್ತದೆ, ಅಲ್ಲಿನ ಐಸ್ ಕಣ್ಣಿಗೆ ಕಾಣುವುದಿಲ್ಲ. ಕಾಯಿಲ್ ಬರಿದಾದ ತಕ್ಷಣ ಆನ್ ಮಾಡುವ ಆತುರ ಬೇಡ. ಎರಡೂ ಬಾಗಿಲು ತೆರೆದು ಒಟ್ಟು 24 ಗಂಟೆ ಬಿಡಿ, ಕೆಳಗೆ ಹಳೆಯ ಟವೆಲ್ ಹಾಸಿ. ಹೇರ್ ಡ್ರೈಯರ್ ಬಳಸುವುದಾದರೆ ಕಡಿಮೆ ಬಿಸಿಯಲ್ಲಿ, ಒಂದೇ ಕಡೆ ಹಿಡಿಯದೆ, ನೀರು ನಿಂತಿರುವಲ್ಲಿಂದ ದೂರ. ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ, ಹಗುರವಾಗಿ ಸುತ್ತಬೇಕು.

ಹಸಿರು ತಟ್ಟೆ

ನಡುವೆ ಕೇಳುತ್ತಿದ್ದೇನೆ. ನಮ್ಮದೂ ಇದೇ ಲಕ್ಷಣ, ಆದರೆ ಇನ್ವರ್ಟರ್ ಫ್ರಿಜ್. ಟೈಮರ್ ಕಾಣುತ್ತಿಲ್ಲ. ತರಕಾರಿ ಡಬ್ಬಿಯ ಕೆಳಗೆ ನೀರೂ ನಿಲ್ಲುತ್ತದೆ.

ಮೂರನೇ ಪಿನ್

ನೀರು ನಿಲ್ಲುವುದು ಮೇಲೆ ಹೇಳಿದ ತೂತು ಕಟ್ಟಿರುವುದರಿಂದ, ಮೊದಲು ಅದನ್ನು ತೆರೆಯಿರಿ.

ಇನ್ವರ್ಟರ್ ಮಾದರಿಗಳಲ್ಲಿ ಟೈಮರ್‌ನ ಕೆಲಸವನ್ನು ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತದೆ, ಬೈಮೆಟಲ್ ಜಾಗದಲ್ಲಿ ಸಾಮಾನ್ಯವಾಗಿ ಉಷ್ಣತೆ ಅಳೆಯುವ ಎನ್‌ಟಿಸಿ ಸೆನ್ಸರ್ ಇರುತ್ತದೆ. ಅದನ್ನು ಬಿಡಿಸಿ ಐಸ್ ನೀರಿನಲ್ಲಿ ಇಟ್ಟು ಅಳೆಯಿರಿ. ತಣ್ಣಗಾದಂತೆ ಓಮ್ ಏರಬೇಕು. 25 ಡಿಗ್ರಿಯಲ್ಲಿ ಇದ್ದದ್ದು ಸೊನ್ನೆ ಡಿಗ್ರಿಯಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಏರದೆ ಅಲ್ಲೇ ನಿಂತರೆ ಅಥವಾ ಕುಣಿದಾಡಿದರೆ ಸೆನ್ಸರ್ ಬದಲಿಸಿ. ಹೀಟರ್ ಮತ್ತು ಥರ್ಮಲ್ ಫ್ಯೂಸ್ ಪರೀಕ್ಷೆ ಮೇಲಿನದೇ. ಇವೆಲ್ಲ ಸರಿಯಿದ್ದರೆ ಬೋರ್ಡಿನ ಮೇಲೆ ಅನುಮಾನ ಪಡಿ, ಮೊದಲೇ ಅಲ್ಲ.

ಬೋರ್ಡಿಗೆ ಕೈ ಹಾಕುವಾಗ ಎಚ್ಚರ. 230 ವೋಲ್ಟ್ ಫ್ರಿಜ್‌ನ ಇನ್ವರ್ಟರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಮೀಟರಿನಲ್ಲಿ ಇಳಿದದ್ದನ್ನು ನೋಡಿಯೇ ಮುಟ್ಟಿ. ಇನ್ವರ್ಟರ್ ಕಂಪ್ರೆಸರ್‌ನ ಮೂರು ಪಿನ್‌ಗಳ ನಡುವೆ ಓಮ್ ಮೂರೂ ಕಡೆ ಸಮ ಇರಬೇಕು. ಅದಕ್ಕೆ ನೇರ ಮೇನ್ಸ್ ಕೊಟ್ಟು ಪರೀಕ್ಷಿಸಿದರೆ ಆ ಕ್ಷಣದಲ್ಲೇ ಸುಡುತ್ತದೆ. ಸಾಮಾನ್ಯ ಕಂಪ್ರೆಸರ್‌ನಲ್ಲಿ ಲೆಕ್ಕ ಬೇರೆ: ಅತಿ ಹೆಚ್ಚಿನ ರೀಡಿಂಗ್ ಉಳಿದೆರಡರ ಮೊತ್ತಕ್ಕೆ ಸಮ.

ತಣ್ಣೀರು

ಹೊಸ ಬೈಮೆಟಲ್ ಮತ್ತು ಫ್ಯೂಸ್ ಜೋಡಿ ಹಾಕಿದೆ, ಸಂಖ್ಯೆ ಹೋಲಿಸಿಯೇ ತಂದದ್ದು. ತೂತಿನಲ್ಲಿ ಐಸ್ ಇತ್ತು, ಐದನೇ ಲೋಟಕ್ಕೆ ನೀರು ಇಳಿಯಿತು. ಒಂದು ರಾತ್ರಿ ಓಡಿಸಿ, ಬೆಳಿಗ್ಗೆ ಟೈಮರ್ ತಿರುಗಿಸಿ ವಾಟ್‌ಮೀಟರ್ ನೋಡಿದೆ: 178 ವಾಟ್. ಹದಿನಾಲ್ಕು ನಿಮಿಷಕ್ಕೆ ಬಿದ್ದುಹೋಯಿತು. ಹಿಂದಿನ ತಟ್ಟೆಗೆ ನೀರು ಬಂತು. ಟೈಮರ್ ಗುರುತು ಎರಡು ಗಂಟೆಯಲ್ಲಿ ಸರಿದಿದೆ. ಈಗ ಕೆಳಗೆ 4 ಡಿಗ್ರಿ, ಫ್ರೀಜರ್ ಮೈನಸ್ 19. ಗುಂಡಿ ಮಧ್ಯಕ್ಕೆ ತಂದಿದ್ದೇನೆ.

ಸೋಲ್ಡರ್ ಕಡ್ಡಿ

ಹದಿನಾಲ್ಕು ನಿಮಿಷಕ್ಕೆ ಬಿದ್ದದ್ದು ಬೈಮೆಟಲ್ ತಾನಾಗಿ ಬಿಟ್ಟುಕೊಂಡದ್ದು, ಅದೇ ಬೇಕಾಗಿದ್ದದ್ದು. ಹತ್ತು ದಿನ ಬಿಟ್ಟು ಬೆಳಿಗ್ಗೆ ಒಮ್ಮೆ ಕೆಳಗಿನ ಉಷ್ಣತೆ ಅಳೆಯಿರಿ, ಕಿಂಡಿಯ ಗಾಳಿಗೆ ಕೈ ಹಿಡಿದು ನೋಡಿ. ಎರಡೂ ಈಗಿನಂತೆಯೇ ಇದ್ದರೆ ಪ್ಯಾನೆಲ್ ಮತ್ತೆ ಬಿಚ್ಚುವ ಅಗತ್ಯವಿಲ್ಲ.